ಜಲಾಶಯದ ಗೇಟು, ಸ್ಪಿನ್ ಮತ್ತು ಕಂಟೇನರ್: ನಿಯಂತ್ರಣ ತಂತ್ರಾಂಶದ ತರ್ಕಪರಿಶೀಲನೆಗೊಂದು ಕೈಪಿಡಿ

ಒಂದು ತಂತ್ರಾಂಶವನ್ನು ನೂರು ಬಾರಿ ಓಡಿಸಿದಾಗ ತಪ್ಪು ಕಾಣಲಿಲ್ಲವೆಂದರೆ, ಆ ನೂರು ಸಂದರ್ಭಗಳಲ್ಲಿ ಅದು ಸರಿಯಾಗಿ ನಡೆದುಕೊಂಡಿತು ಎಂದಷ್ಟೇ ಹೇಳಬಹುದು. ನೂರಾ ಒಂದನೆಯ ಸಂದರ್ಭದ ಬಗ್ಗೆ ಆ ಪರೀಕ್ಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ವ್ಯವಸ್ಥೆಯ ನಡವಳಿಕೆಯನ್ನು ಗಣಿತದ ಭಾಷೆಯಲ್ಲಿ ಬರೆದು, ಅದು ಎಂದೆಂದಿಗೂ ಪಾಲಿಸಬೇಕಾದ ನಿಯಮಗಳನ್ನೂ ಅದೇ ಭಾಷೆಯಲ್ಲಿ ಬರೆದು, ಸಾಧ್ಯವಿರುವ ಎಲ್ಲ ಸ್ಥಿತಿಗಳಲ್ಲೂ ಆ ನಿಯಮಗಳು ಉಳಿಯುತ್ತವೆಯೇ ಎಂದು ಗಣಕದಿಂದಲೇ ಶೋಧಿಸುವ ವಿಧಾನಕ್ಕೆ ಫಾರ್ಮಲ್ ವೆರಿಫಿಕೇಶನ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ತರ್ಕಪರಿಶೀಲನೆ ಎಂದು ಕರೆಯಲಾಗಿದೆ. ಈ ಕೆಲಸಕ್ಕೆ ಬಳಕೆಯಾಗುವ ಸ್ಪಿನ್ ಎಂಬ ಉಚಿತ ಸಾಧನವನ್ನು ಕಂಟೇನರ್‌ನೊಳಗೆ ಸಿದ್ಧಪಡಿಸುವುದು, ಅದಕ್ಕೆ ಜಲಾಶಯದ ಗೇಟುಗಳ ಮಾದರಿಯೊಂದನ್ನು ಕೊಡುವುದು ಮತ್ತು ಅದು ನೀಡುವ ವರದಿಯನ್ನು ಸರಿಯಾಗಿ ಓದುವುದು ಹೇಗೆಂಬುದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಡಿಪ್ಲೊಮಾ ಹಾಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮುನಿರಾಬಾದಿನ ಉದಾಹರಣೆ ಏಕೆ?

ತುಂಗಭದ್ರಾ ಅಣೆಕಟ್ಟಿನ ಎಡದಂಡೆಯಲ್ಲಿರುವ ಮುನಿರಾಬಾದ್, ಎಡದಂಡೆ ಮುಖ್ಯ ಕಾಲುವೆಯ ಆರಂಭಸ್ಥಾನವಾಗಿದ್ದು, ಗಂಗಾವತಿ ಭಾಗದ ಭತ್ತದ ಗದ್ದೆಗಳಿಗೂ ರಾಯಚೂರು ಜಿಲ್ಲೆಗೂ ನೀರು ಹರಿಯುವುದು ಇಲ್ಲಿಂದಲೇ. 1633 ಅಡಿ ಪೂರ್ಣಮಟ್ಟದ ಈ ಜಲಾಶಯದಲ್ಲಿ 33 ಕ್ರಸ್ಟ್‌ಗೇಟುಗಳಿದ್ದು, ಪ್ರತಿಯೊಂದೂ 60 ಅಡಿ ಅಗಲ, 20 ಅಡಿ ಎತ್ತರವಿದೆ. ಇಲ್ಲಿಂದ ಹೊರಬಿಟ್ಟ ನೀರಿನ ಪ್ರಮಾಣ ಹೆಚ್ಚಾದರೆ ಆನೆಗೊಂದಿ ಬಳಿಯ ನವವೃಂದಾವನ ಗಡ್ಡೆ, ಕಂಪ್ಲಿಯ ಸೇತುವೆ ಮೊದಲಾದವು ಮುಳುಗುತ್ತವೆ. ಆದ್ದರಿಂದ ಯಾವ ಗೇಟನ್ನು ಯಾವಾಗ, ಎಷ್ಟು ತೆರೆಯಬೇಕು ಎಂಬ ತೀರ್ಮಾನದ ಪರಿಣಾಮ ನದಿಪಾತ್ರದ ಉದ್ದಕ್ಕೂ ಜನಜೀವನವನ್ನು ಮುಟ್ಟುತ್ತದೆ.

2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನು ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಸೋರಿಕೆಯನ್ನು ತಡೆಯಲಾಯಿತು. ಇದು ಯಾಂತ್ರಿಕ ವೈಫಲ್ಯವೇ ಹೊರತು ತಂತ್ರಾಂಶದ ದೋಷವಾಗಿರಲಿಲ್ಲ; ಆದರೂ ತರ್ಕಪರಿಶೀಲನೆಯ ಸಾಮರ್ಥ್ಯ ಎಲ್ಲಿಯವರೆಗೆ, ಮಿತಿ ಎಲ್ಲಿಂದ ಎಂಬುದನ್ನು ಅರಿಯಲು ಇದಕ್ಕಿಂತ ಸಮೀಪದ ಉದಾಹರಣೆ ಈ ಭಾಗದ ಓದುಗರಿಗೆ ಸಿಗಲಾರದು. ಮುಂದೆ ಹೇಳಲಾಗುವ ನಿಯಂತ್ರಣಕ್ರಮವು ಅಭ್ಯಾಸಕ್ಕಾಗಿ ಕಲ್ಪಿಸಿಕೊಂಡ ಮಾದರಿಯಾಗಿದ್ದು, ಈ ಅಣೆಕಟ್ಟಿನಲ್ಲಿ ವಾಸ್ತವವಾಗಿ ಬಳಕೆಯಲ್ಲಿರುವ ಕಾರ್ಯವಿಧಾನದ ವರ್ಣನೆಯಲ್ಲ.

ನೀರಿನ ಗೇಟುಗಳಿಗೆ ಸ್ಪಿನ್ ಬಳಸುವುದು ಹೊಸ ಕಲ್ಪನೆಯೇನಲ್ಲ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಳಿ 1997ರಲ್ಲಿ ಕಾರ್ಯಾರಂಭ ಮಾಡಿದ ಮಾಸ್ಲಾಂಟ್ ತಡೆಗೇಟನ್ನು, ಸಮುದ್ರ ಉಕ್ಕಿದಾಗ ಮುಚ್ಚುವ ತೀರ್ಮಾನವನ್ನು ಗಣಕವೇ ಕೈಗೊಳ್ಳುವಂತೆ ರೂಪಿಸಲಾಗಿದ್ದು, ಆ ನಿಯಂತ್ರಣ ವ್ಯವಸ್ಥೆಯ ವಿನ್ಯಾಸವನ್ನು ಪರಿಶೀಲಿಸಲು ಬಳಸಿದ ಸಾಧನಗಳಲ್ಲಿ ಸ್ಪಿನ್ ಕೂಡ ಒಂದಾಗಿತ್ತು. 2007ರ ನವೆಂಬರ್‌ನಲ್ಲಿ ಆ ಗೇಟು ಮೊದಲ ಬಾರಿಗೆ ನಿಜವಾದ ಬಿರುಗಾಳಿಯ ಎದುರು ಮುಚ್ಚಿಕೊಂಡಿತು. ಕರ್ನಾಟಕದಲ್ಲಿಯೂ ಈ ಶಾಸ್ತ್ರಕ್ಕೆ ನೆಲೆಯಿದೆ: ಚಿಕ್ಕ ನಿಯಂತ್ರಕ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಾಗುವ ಫ್ರೀಆರ್‌ಟಿಒಎಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಯಾವ ಕೆಲಸ ಯಾವಾಗ ನಡೆಯಬೇಕೆಂದು ನಿರ್ಧರಿಸುವ ಭಾಗದ ತರ್ಕಪರಿಶೀಲನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ.

ಸ್ಪಿನ್ ಮಾಡುವ ಕೆಲಸ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೆರಾರ್ಡ್ ಹೋಲ್ಜ್‌ಮನ್ ರೂಪಿಸಿದ ಸ್ಪಿನ್, 1991ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದ್ದು, 2001ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿಯನ್ನು ಪಡೆದಿದೆ. ಏಕಕಾಲಕ್ಕೆ ನಡೆಯುವ ಹಲವು ಕಾರ್ಯಗಳನ್ನು ಪ್ರೊಮೆಲಾ ಎಂಬ ಸರಳ ಭಾಷೆಯಲ್ಲಿ ಬರೆದುಕೊಟ್ಟರೆ, ಅವು ಯಾವ ಯಾವ ಕ್ರಮದಲ್ಲಿ ಹೆಣೆದುಕೊಳ್ಳಬಹುದೋ ಆ ಎಲ್ಲ ಕ್ರಮಗಳನ್ನೂ ಸ್ಪಿನ್ ಶೋಧಿಸುತ್ತದೆ. ಹೀಗೆ ಮಾದರಿಯ ಎಲ್ಲ ಸ್ಥಿತಿಗಳನ್ನು ಜಾಲಾಡುವ ವಿಧಾನವನ್ನು ಮಾಡೆಲ್ ಚೆಕಿಂಗ್ ಎನ್ನುತ್ತಾರೆ. ಅದನ್ನು ಬೆಳೆಸಿದ ಎಡ್ಮಂಡ್ ಕ್ಲಾರ್ಕ್, ಅಲೆನ್ ಎಮರ್ಸನ್ ಮತ್ತು ಜೋಸೆಫ್ ಸಿಫಾಕಿಸ್ ಅವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಸ್ಪಿನ್‌ನ ಕಾರ್ಯವಿಧಾನದಲ್ಲಿ ಒಂದು ವಿಶೇಷವಿದ್ದು, ಕಂಟೇನರ್ ಸಿದ್ಧಪಡಿಸುವವರು ಅದನ್ನು ಮೊದಲೇ ಗಮನಿಸಬೇಕು. ಸ್ಪಿನ್ ತಾನೇ ನೇರವಾಗಿ ಶೋಧ ನಡೆಸುವುದಿಲ್ಲ. ಕೊಟ್ಟ ಮಾದರಿಗೆಂದೇ ಸಿ ಭಾಷೆಯ ಕಾರ್ಯಕ್ರಮವೊಂದನ್ನು ಬರೆದುಕೊಡುತ್ತದೆ, ಆ ಕಾರ್ಯಕ್ರಮವನ್ನು ಜಿಸಿಸಿಯಂತಹ ಕಂಪೈಲರ್‌ನಿಂದ ಓಡಿಸಬಲ್ಲ ಕಡತವಾಗಿ ಪರಿವರ್ತಿಸಿದ ನಂತರ ‘ಪ್ಯಾನ್’ ಎಂಬ ಹೆಸರಿನ ಆ ಕಡತ ಶೋಧವನ್ನು ನಡೆಸುತ್ತದೆ. ಅಂದರೆ ಮಾದರಿ ಬದಲಾದಾಗಲೆಲ್ಲ ಕಂಪೈಲರ್ ಬೇಕಾಗುತ್ತದೆ.

ಕಂಟೇನರ್ ಏಕೆ ಬೇಕು?

ಕಂಟೇನರ್ ಎಂದರೆ ಒಂದು ತಂತ್ರಾಂಶ, ಅದು ನಂಬಿಕೊಂಡಿರುವ ಇತರ ಕಡತಗಳು ಮತ್ತು ಅದರ ಸಂಯೋಜನೆಗಳನ್ನು ಒಟ್ಟುಗೂಡಿಸಿ, ಗಣಕದ ಉಳಿದ ಭಾಗದಿಂದ ಪ್ರತ್ಯೇಕಿಸಿ ಓಡಿಸುವ ವ್ಯವಸ್ಥೆ. ಒಟ್ಟುಗೂಡಿಸಿದ ಆ ಕಡತಸಮೂಹವನ್ನು ಇಮೇಜ್ ಎಂದೂ, ಅದರಿಂದ ಹುಟ್ಟಿ ಓಡುತ್ತಿರುವ ಕಾರ್ಯವನ್ನು ಕಂಟೇನರ್ ಎಂದೂ ಕರೆಯುವುದು ರೂಢಿ. ಪ್ರತ್ಯೇಕತೆಯನ್ನೂ ಮೆಮೊರಿಯ ಮಿತಿಯನ್ನೂ ಲಿನಕ್ಸ್ ಕರ್ನಲ್ ಒದಗಿಸುತ್ತದೆ. ಅದನ್ನು ಸುಲಭವಾಗಿ ಬಳಸುವಂತೆ ಮಾಡಿದ ಡಾಕರ್ 2013ರಲ್ಲಿ ಬಂದಿತು, ಪಾಡ್‌ಮನ್ ಎಂಬ ಮತ್ತೊಂದು ಸಾಧನದಲ್ಲಿಯೂ ಬಹುಪಾಲು ಅದೇ ಆಜ್ಞೆಗಳು ನಡೆಯುತ್ತವೆ.

ತರ್ಕಪರಿಶೀಲನೆಯ ಫಲಿತಾಂಶವು ಮಾದರಿ, ಸಾಧನದ ಆವೃತ್ತಿ, ಕಂಪೈಲ್ ಮಾಡಿದಾಗಿನ ಆಯ್ಕೆಗಳು ಮತ್ತು ಶೋಧದ ಮಿತಿಗಳು ಎಂಬ ನಾಲ್ಕನ್ನೂ ಅವಲಂಬಿಸಿರುತ್ತದೆ. ಒಬ್ಬ ಎಂಜಿನಿಯರ್ ಕಂಡುಕೊಂಡ ಫಲಿತಾಂಶವನ್ನು ಇನ್ನೊಬ್ಬರು, ಇನ್ನೊಂದು ಊರಿನಲ್ಲಿ, ಐದು ವರ್ಷಗಳ ನಂತರ ಮತ್ತೆ ಪಡೆಯಲಾಗದಿದ್ದರೆ ಅದು ಒಬ್ಬ ವ್ಯಕ್ತಿಯ ಮಾತಾಗಿ ಉಳಿಯುತ್ತದೆಯೇ ವಿನಾ ಸಾರ್ವಜನಿಕ ಪುರಾವೆಯಾಗುವುದಿಲ್ಲ. ಆ ನಾಲ್ಕನ್ನೂ ಬದಲಾಗದಂತೆ ಹಿಡಿದಿಡುವುದು ಕಂಟೇನರ್‌ನ ಮುಖ್ಯ ಪ್ರಯೋಜನವಾಗಿದ್ದು, ಅನುಸ್ಥಾಪನೆಯ ಸುಲಭತೆ ಅದಕ್ಕೆ ಸೇರಿದ ಹೆಚ್ಚುವರಿ ಲಾಭ ಮಾತ್ರ.

ಇಮೇಜ್ ಸಿದ್ಧಪಡಿಸುವ ಕ್ರಮ

ಇಮೇಜನ್ನು ಕಟ್ಟುವ ಸೂಚನೆಗಳನ್ನು ಡಾಕರ್‌ಫೈಲ್ ಎಂಬ ಪಠ್ಯಕಡತದಲ್ಲಿ ಬರೆಯಲಾಗುತ್ತದೆ. ಡೆಬಿಯನ್ 12ರ ಮೂಲ ಇಮೇಜನ್ನು ತಳಹದಿಯಾಗಿ ಆರಿಸಿಕೊಂಡರೆ ಸ್ಪಿನ್ ಅದರ ಭಂಡಾರದಲ್ಲೇ ದೊರೆಯುವುದರಿಂದ ಮೂಲಸಂಕೇತದಿಂದ ಕಟ್ಟುವ ಶ್ರಮ ಉಳಿಯುತ್ತದೆ. ಜತೆಗೆ ಜಿಸಿಸಿಯನ್ನೂ ಸೇರಿಸಬೇಕು. ಇಮೇಜಿನ ಗಾತ್ರ ತಗ್ಗಿಸಲು ‘ಶಿಫಾರಸು ಮಾಡಿದ ಪ್ಯಾಕೇಜುಗಳು ಬೇಡ’ ಎಂಬ ಆಯ್ಕೆಯನ್ನು ಬಳಸುವುದು ವಾಡಿಕೆಯಾಗಿದ್ದು, ಹಾಗೆ ಮಾಡಿದಾಗ ಸಿ ಭಾಷೆಯ ಹೆಡರ್ ಕಡತಗಳಿರುವ ಪ್ಯಾಕೇಜು ಬಿಟ್ಟುಹೋಗಿ, ಕಂಪೈಲ್ ಮಾಡುವ ಹಂತದಲ್ಲಿ ‘ಸ್ಟ್ಯಾಂಡರ್ಡ್ ಇನ್‌ಪುಟ್-ಔಟ್‌ಪುಟ್ ಹೆಡರ್ ಸಿಗಲಿಲ್ಲ’ ಎಂಬ ದೋಷಸಂದೇಶ ಬರುತ್ತದೆ. ಆ ಪ್ಯಾಕೇಜನ್ನು ಹೆಸರಿಸಿ ಪ್ರತ್ಯೇಕವಾಗಿ ಸೇರಿಸುವುದೇ ಇದಕ್ಕೆ ಪರಿಹಾರ. ಮಾದರಿಯನ್ನು ಓದುವ ಮೊದಲು ಸ್ಪಿನ್ ಸಿ ಭಾಷೆಯ ಪೂರ್ವಸಂಸ್ಕಾರಕವನ್ನು ಕರೆಯುವುದರಿಂದ, ಕಂಪೈಲರ್ ತೆಗೆದುಹಾಕಿ ಇಮೇಜನ್ನು ಹಗುರಗೊಳಿಸುವ ಪ್ರಯತ್ನ ಇಲ್ಲಿ ಫಲಿಸುವುದಿಲ್ಲ.

ತಳಹದಿಯ ಇಮೇಜನ್ನು ಕೇವಲ ಹೆಸರಿನಿಂದ ಸೂಚಿಸಿದರೆ, ಅದೇ ಹೆಸರಿನಡಿ ಮುಂದೆ ಹೊಸ ಕಡತಗಳು ಬರಬಹುದು. ಆದ್ದರಿಂದ ಇಮೇಜಿನ ಒಳಗಿನ ಅಂಶಗಳಿಂದಲೇ ಲೆಕ್ಕಹಾಕಿ ಪಡೆದ, 64 ಅಕ್ಷರಾಂಕಗಳ ಡೈಜೆಸ್ಟ್ ಎಂಬ ಗುರುತನ್ನು ಡಾಕರ್‌ಫೈಲ್‌ನಲ್ಲಿ ನಮೂದಿಸುವುದು ಸೂಕ್ತ. ಒಂದು ಬೈಟ್ ಬದಲಾದರೂ ಈ ಗುರುತು ಬದಲಾಗುತ್ತದೆ. ಸ್ಪಿನ್ ಮತ್ತು ಜಿಸಿಸಿಗಳ ಆವೃತ್ತಿ ಸಂಖ್ಯೆಯನ್ನೂ ಹೀಗೆಯೇ ನಿಗದಿಗೊಳಿಸಬೇಕು. ಇಂಟರ್‌ನೆಟ್ ವೇಗ ಕಡಿಮೆಯಿರುವ ಕಾಲೇಜುಗಳಲ್ಲಿ ಒಂದೇ ಗಣಕದಲ್ಲಿ ಇಮೇಜನ್ನು ಕಟ್ಟಿ, ‘ಡಾಕರ್ ಸೇವ್’ ಆಜ್ಞೆಯಿಂದ ಅದನ್ನು ಒಂದೇ ಕಡತವಾಗಿಸಿ, ಪೆನ್‌ಡ್ರೈವ್ ಮೂಲಕ ಉಳಿದ ಗಣಕಗಳಿಗೆ ಒಯ್ದು, ‘ಡಾಕರ್ ಲೋಡ್’ ಆಜ್ಞೆಯಿಂದ ಇಳಿಸಿಕೊಳ್ಳಬಹುದು. ಇದರಿಂದ ಪ್ರಯೋಗಾಲಯದ ಎಲ್ಲ ಗಣಕಗಳಲ್ಲಿಯೂ ಒಂದೇ ಇಮೇಜ್ ಇರುವುದು ಖಚಿತವಾಗುತ್ತದೆ. ಆದರೆ ಇಂಟೆಲ್ ಮಾದರಿಯ ಪ್ರೊಸೆಸರ್‌ಗೆಂದು ಕಟ್ಟಿದ ಇಮೇಜ್ ಎಆರ್‌ಎಂ ಪ್ರೊಸೆಸರ್‌ನ ಗಣಕದಲ್ಲಿ ನೇರವಾಗಿ ಓಡುವುದಿಲ್ಲವಾದ್ದರಿಂದ, ಯಾವ ಪ್ರೊಸೆಸರ್‌ಗಾಗಿ ಎಂಬುದನ್ನು ಕಟ್ಟುವಾಗಲೇ ನಿರ್ಧರಿಸಬೇಕು.

ಗೇಟುಗಳ ಮಾದರಿ

ಪ್ರೊಮೆಲಾದಲ್ಲಿ ದಶಮಾಂಶ ಸಂಖ್ಯೆಗಳಿಲ್ಲ. ಇರುವುದು ಪೂರ್ಣಾಂಕಗಳು ಮಾತ್ರ. ಆದ್ದರಿಂದ ನೀರಿನ ಮಟ್ಟವನ್ನು ಅಡಿಗಳಲ್ಲಿ ಹೇಳದೆ, ಸೊನ್ನೆಯಿಂದ ನಾಲ್ಕರವರೆಗಿನ ಐದು ಹಂತಗಳಾಗಿ ಭಾವಿಸಿ, ನಾಲ್ಕನೆಯದನ್ನು ಪೂರ್ಣಮಟ್ಟವೆಂದು ಇಟ್ಟುಕೊಳ್ಳಬಹುದು. ಪ್ರತಿ ಗೇಟಿಗೂ ಮುಚ್ಚಿದ, ಅರ್ಧ ತೆರೆದ, ಪೂರ್ಣ ತೆರೆದ ಮತ್ತು ಹತೋಟಿ ತಪ್ಪಿದ ಎಂಬ ನಾಲ್ಕು ಸ್ಥಿತಿಗಳಿವೆಯೆಂದುಕೊಂಡರೆ, 33 ಗೇಟುಗಳ ಒಟ್ಟು ಸಂಯೋಜನೆಗಳು ಸುಮಾರು 7ರ ಮುಂದೆ 19 ಸೊನ್ನೆಗಳನ್ನಿಟ್ಟಷ್ಟಾಗುತ್ತವೆ. ಅಷ್ಟನ್ನೂ ಒಂದೊಂದಾಗಿ ಜಾಲಾಡಿ ನೆನಪಿಟ್ಟುಕೊಳ್ಳುವ ಮೆಮೊರಿ ಯಾವ ಗಣಕದಲ್ಲೂ ಇಲ್ಲ. ಸ್ಥಿತಿಗಳ ಈ ಬೆಳವಣಿಗೆಯನ್ನು ಸ್ಥಿತಿಸ್ಫೋಟ ಎನ್ನುತ್ತಾರೆ. ಮೂರು ಗೇಟುಗಳ ಮಾದರಿಯಲ್ಲಿ ಗೇಟುಗಳ ಸಂಯೋಜನೆಗಳು 64 ಮಾತ್ರವಾಗುವುದರಿಂದ ಅಭ್ಯಾಸವನ್ನು ಅಲ್ಲಿಂದ ಆರಂಭಿಸುವುದು ಒಳ್ಳೆಯದು. ಗೇಟುಗಳೆಲ್ಲ ಒಂದೇ ಬಗೆಯವಾದ್ದರಿಂದ ಆಜ್ಞೆಗಳ ಕ್ರಮದಲ್ಲಿರುವ ತಪ್ಪುಗಳು ಹೆಚ್ಚಾಗಿ ಎರಡು-ಮೂರು ಗೇಟುಗಳಲ್ಲೇ ಸಿಕ್ಕಿಬೀಳುತ್ತವೆ. ಆದರೆ ಮೂರಕ್ಕೆ ಸಿಕ್ಕ ಪುರಾವೆಯನ್ನು 33ಕ್ಕೆ ಸಿಕ್ಕ ಪುರಾವೆಯೆಂದು ಹೇಳಿಕೊಳ್ಳಲಾಗದು.

ಒಳಹರಿವನ್ನು ಒಂದು ಪ್ರತ್ಯೇಕ ಕಾರ್ಯವಾಗಿ ಬರೆದು, ಪ್ರತಿ ಹೆಜ್ಜೆಯಲ್ಲಿ ಅದು ಕಡಿಮೆ, ಮಧ್ಯಮ, ಅಧಿಕ ಎಂಬ ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುವಂತೆ ಬಿಡಬೇಕು. ಹೀಗೆ ಮುಕ್ತವಾಗಿ ಬಿಟ್ಟಾಗ, ಮಾದರಿಯ ಈ ಮೂರು ಅಳತೆಗಳ ಮಟ್ಟಿಗೆ, ಮಲೆನಾಡಿನಲ್ಲಿ ಮಳೆ ಯಾವ ರೀತಿಯಲ್ಲಿ ಸುರಿದರೂ ಅದು ಶೋಧದಿಂದ ಹೊರಗುಳಿಯುವುದಿಲ್ಲ. ಗೇಟು ತೆರೆಯುವ ಅಧಿಕಾರವಿರುವ ಎರಡು ನಿಯಂತ್ರಣ ಕೊಠಡಿಗಳಿವೆಯೆಂದು ಕಲ್ಪಿಸಿ, ಪ್ರತಿಯೊಂದೂ ಮಟ್ಟವನ್ನು ಓದುತ್ತದೆ, ಮೂರನೇ ಹಂತ ತಲುಪಿದ್ದರೆ ಸೈರನ್ ಮೊಳಗಿಸುತ್ತದೆ, ನಂತರ ಒಂದು ಗೇಟನ್ನು ತೆರೆಯುತ್ತದೆ ಎಂದು ಬರೆಯಬೇಕು.

ಇನ್ನು ಪಾಲಿಸಬೇಕಾದ ನಿಯಮಗಳು. ‘ಸೈರನ್ ಮೊಳಗುವ ಮೊದಲು ಯಾವ ಗೇಟೂ ತೆರೆಯಬಾರದು’ ಮತ್ತು ‘ಒಳಹರಿವಿನ ಒಂದು ಹೆಜ್ಜೆಯೊಳಗೆ ಒಂದಕ್ಕಿಂತ ಹೆಚ್ಚು ಗೇಟುಗಳು ತೆರೆಯಬಾರದು’ ಎಂಬವು ಕೆಟ್ಟದ್ದು ಎಂದೂ ನಡೆಯದು ಎಂದು ಸಾರುವ ಸುರಕ್ಷತಾ ನಿಯಮಗಳು. ‘ಪೂರ್ಣಮಟ್ಟ ತಲುಪಿದರೆ ಗೇಟು ಎಂದಾದರೂ ತೆರೆಯಲೇಬೇಕು’ ಎಂಬುದು ಒಳ್ಳೆಯದು ನಡೆದೇ ತೀರುತ್ತದೆ ಎಂದು ಸಾರುವ ಪ್ರಗತಿ ನಿಯಮ. ಕಾಲಕ್ಕೆ ಸಂಬಂಧಿಸಿದ ಇಂತಹ ಹೇಳಿಕೆಗಳನ್ನು ಬರೆಯುವ ಕಾಲತರ್ಕವನ್ನು 1977ರಲ್ಲಿ ಅಮೀರ್ ಪ್ನುಯೆಲಿ ಗಣಕ ವಿಜ್ಞಾನಕ್ಕೆ ತಂದರು. ಸ್ಪಿನ್ ಅದನ್ನು ನೇರವಾಗಿ ಸ್ವೀಕರಿಸುತ್ತದೆ.

ಓಡಿಸುವುದು ಮತ್ತು ವರದಿ ಓದುವುದು

ಮಾದರಿಯ ಕಡತವಿರುವ ಫೋಲ್ಡರನ್ನು ಕಂಟೇನರ್‌ನೊಳಕ್ಕೆ ಜೋಡಿಸಿ, ಮೊದಲು ಸ್ಪಿನ್‌ಗೆ ‘ಎ’ ಎಂಬ ಆಯ್ಕೆ ಕೊಟ್ಟು ಸಿ ಕಾರ್ಯಕ್ರಮವನ್ನು ಬರೆಸಬೇಕು, ಅದನ್ನು ಜಿಸಿಸಿಯಿಂದ ಕಂಪೈಲ್ ಮಾಡಬೇಕು, ನಂತರ ಪ್ಯಾನ್ ಕಡತವನ್ನು ಓಡಿಸಬೇಕು. ಪ್ರಗತಿ ನಿಯಮಗಳನ್ನು ಪರೀಕ್ಷಿಸುವಾಗ ಪ್ಯಾನ್‌ಗೂ ‘ಎ’ ಆಯ್ಕೆಯನ್ನು ಕೊಡಬೇಕು. ಜತೆಗೆ, ಒಂದು ನಿಯಂತ್ರಣ ಕೊಠಡಿಗೆ ಸರದಿಯೇ ಬಾರದಂತಹ ಅವಾಸ್ತವ ಕ್ರಮಗಳನ್ನು ಹೊರಗಿಡಲು ‘ಎಫ್’ ಆಯ್ಕೆ ನೆರವಾಗುತ್ತದೆ.

ಮೇಲಿನ ಮಾದರಿಯನ್ನು ಹೇಳಿದಂತೆಯೇ ಬರೆದರೆ ಎರಡನೇ ಸುರಕ್ಷತಾ ನಿಯಮ ಮುರಿಯುತ್ತದೆ. ಮೊದಲ ಕೊಠಡಿ ಮೂರನೇ ಹಂತವನ್ನು ಓದುತ್ತದೆ, ಅದು ಗೇಟು ತೆರೆಯುವ ಮೊದಲೇ ಎರಡನೆಯ ಕೊಠಡಿಯೂ ಅದೇ ಹಂತವನ್ನು ಓದುತ್ತದೆ, ಮೊದಲನೆಯದು ಒಂದು ಗೇಟನ್ನು ತೆರೆಯುತ್ತದೆ, ಎರಡನೆಯದು ಹಳೆಯ ಓದನ್ನೇ ನಂಬಿ ಮತ್ತೊಂದನ್ನು ತೆರೆಯುತ್ತದೆ, ನದಿಪಾತ್ರಕ್ಕೆ ಉದ್ದೇಶಿಸಿದ್ದರ ಎರಡರಷ್ಟು ನೀರು ಹೋಗುತ್ತದೆ. ಈ ಘಟನಾಕ್ರಮವನ್ನು ಪ್ಯಾನ್ ‘ಟ್ರೇಲ್’ ಎಂಬ ಕಡತದಲ್ಲಿ ದಾಖಲಿಸುತ್ತದೆ. ಸ್ಪಿನ್‌ಗೆ ‘ಟಿ’ ಮತ್ತು ‘ಪಿ’ ಆಯ್ಕೆಗಳನ್ನು ಕೊಟ್ಟರೆ ಅದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸುತ್ತದೆ.

ಇದನ್ನು ಸರಿಪಡಿಸಲು ಓದುವುದನ್ನೂ ತೆರೆಯುವುದನ್ನೂ ‘ಅಟಾಮಿಕ್’ ಎಂಬ ಪದದೊಳಗೆ ಸೇರಿಸಿ, ನಡುವೆ ಯಾರೂ ಪ್ರವೇಶಿಸದ ಒಂದೇ ಕ್ರಿಯೆಯಾಗಿಸುವುದು ಸುಲಭವಾಗಿ ತೋರುವ ಮಾರ್ಗ. ಮಾದರಿಯಲ್ಲಿ ದೋಷ ಮಾಯವಾಗುತ್ತದೆ, ಆದರೆ ನಿಜವಾದ ಅಣೆಕಟ್ಟಿನಲ್ಲಿ ಮಟ್ಟವನ್ನು ಓದುವುದಕ್ಕೂ ಭಾರವಾದ ಗೇಟು ಮೇಲೇಳುವುದಕ್ಕೂ ನಡುವೆ ಸಮಯ ಕಳೆದೇ ಕಳೆಯುತ್ತದೆ. ಆದ್ದರಿಂದ ಗೇಟು ತೆರೆಯುವ ಅನುಮತಿಯನ್ನು ಒಂದು ಸಂದೇಶವಾಗಿ ರೂಪಿಸಿ, ಅದು ಒಮ್ಮೆಗೆ ಒಂದು ಕೊಠಡಿಯ ಬಳಿ ಮಾತ್ರ ಇರುವಂತೆಯೂ, ಅನುಮತಿ ಸಿಕ್ಕ ಮೇಲೆ ಮಟ್ಟವನ್ನು ಮತ್ತೆ ಓದಲೇಬೇಕೆಂದೂ, ತೆರೆದ ಗೇಟಿನ ಪರಿಣಾಮ ಮಟ್ಟದಲ್ಲಿ ಕಾಣುವವರೆಗೆ ಅನುಮತಿಯನ್ನು ಬಿಟ್ಟುಕೊಡಬಾರದೆಂದೂ ಬರೆಯುವುದು ವಾಸ್ತವಕ್ಕೆ ಹತ್ತಿರವಾದ ಪರಿಹಾರ.

ವರದಿಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ‘ಎರರ್ಸ್’ ಎಂಬ ಸಾಲಿನ ಸೊನ್ನೆಯ ಕಡೆಗೆ. ಆ ಸೊನ್ನೆಯನ್ನು ನಂಬುವ ಮೊದಲು ಇನ್ನೆರಡು ಸಾಲುಗಳನ್ನು ನೋಡಬೇಕು. ಶೋಧದ ಆಳಕ್ಕೆ 10,000 ಹೆಜ್ಜೆಗಳ ಪೂರ್ವನಿಗದಿತ ಮಿತಿಯಿದ್ದು, ಅದು ಸಾಲದಾದಾಗ ‘ಶೋಧದ ಆಳ ಚಿಕ್ಕದಾಯಿತು’ ಎಂಬರ್ಥದ ಎಚ್ಚರಿಕೆ ಬರುತ್ತದೆ. ಆಗ ಶೋಧ ಅಪೂರ್ಣವಾದ್ದರಿಂದ ‘ಎಂ’ ಆಯ್ಕೆಯಿಂದ ಮಿತಿಯನ್ನು ಹೆಚ್ಚಿಸಿ ಮತ್ತೆ ಓಡಿಸಬೇಕು. ಮಾದರಿಯ ಯಾವ ಸಾಲುಗಳನ್ನು ಶೋಧ ತಲುಪಲೇ ಇಲ್ಲ ಎಂಬ ಪಟ್ಟಿಯೂ ವರದಿಯ ಕೊನೆಯಲ್ಲಿರುತ್ತದೆ. ಗೇಟು ತೆರೆಯುವ ಸಾಲೇ ಆ ಪಟ್ಟಿಯಲ್ಲಿದ್ದರೆ, ಗೇಟು ಎಂದೂ ತೆರೆಯದ ಮಾದರಿಯಲ್ಲಿ ನಿಯಮ ಮುರಿಯಲಿಲ್ಲ ಎಂಬುದಷ್ಟೇ ಸಾಬೀತಾದಂತಾಯಿತು. ಇಂತಹ ಪೊಳ್ಳು ಪುರಾವೆಗಳನ್ನು ತಪ್ಪಿಸಲು ಮಾದರಿಯಲ್ಲಿ ಬೇಕೆಂದೇ ಒಂದು ತಪ್ಪನ್ನು ಸೇರಿಸಿ, ಸಾಧನ ಅದನ್ನು ಹಿಡಿಯುತ್ತದೆಯೇ ಎಂದು ನೋಡುವುದು ಒಳ್ಳೆಯ ಪದ್ಧತಿ.

ಕಂಟೇನರ್ ಒಡ್ಡುವ ತೊಡಕುಗಳು

ಮೊದಲನೆಯ ತೊಡಕು ಮೆಮೊರಿಯದು. ಕಂಟೇನರ್‌ಗೆ ನಿಗದಿಪಡಿಸಿದ ಮೆಮೊರಿಯನ್ನು ಶೋಧ ಮೀರಿದರೆ ಕರ್ನಲ್ ಅದನ್ನು ತಕ್ಷಣ ನಿಲ್ಲಿಸುತ್ತದೆ, 137 ಎಂಬ ನಿರ್ಗಮನ ಸಂಖ್ಯೆಯನ್ನು ಬಿಟ್ಟು ಯಾವ ವರದಿಯೂ ಉಳಿಯುವುದಿಲ್ಲ. ದೋಷಸಂದೇಶ ಕಾಣಲಿಲ್ಲವೆಂಬ ಕಾರಣಕ್ಕೆ ಇದನ್ನು ಯಶಸ್ಸೆಂದು ಎಣಿಸುವುದು ದೊಡ್ಡ ತಪ್ಪಾಗುತ್ತದೆ. ಕಂಪೈಲ್ ಮಾಡುವಾಗ ‘ಮೆಮ್‌ಲಿಮ್’ ಎಂಬ ಆಯ್ಕೆಯಿಂದ ಪ್ಯಾನ್‌ಗೆ ಕಂಟೇನರ್‌ನ ಮಿತಿಗಿಂತ ಕಡಿಮೆ ಮಿತಿಯನ್ನು, ಉದಾಹರಣೆಗೆ ಕಂಟೇನರ್‌ಗೆ 3 ಜಿಬಿ ಇದ್ದರೆ 2048 ಎಂಬಿಯನ್ನು ಕೊಟ್ಟರೆ, ಅದು ತಾನಾಗಿಯೇ ನಿಂತು, ಅಲ್ಲಿಯವರೆಗಿನ ಅಪೂರ್ಣ ಶೋಧದ ವರದಿಯನ್ನು ಮುದ್ರಿಸುತ್ತದೆ. ವಿಂಡೋಸ್ ಗಣಕಗಳಲ್ಲಿ ಡಾಕರ್ ಒಳಗೊಂದು ಲಿನಕ್ಸ್ ಪದರದ ಮೇಲೆ ಓಡುತ್ತದೆ, ಆ ಪದರಕ್ಕೆ ಪೂರ್ವನಿಗದಿಯಂತೆ ಗಣಕದ ಅರ್ಧದಷ್ಟು ಮೆಮೊರಿ ಮಾತ್ರ ಸಿಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದು, ಕೆಲಸ ಮುಗಿದೊಡನೆ ಕಂಟೇನರನ್ನು ಅಳಿಸುವ ಆಯ್ಕೆ ಕೊಟ್ಟಿದ್ದರೆ ಅದರೊಳಗೆ ಹುಟ್ಟಿದ ಟ್ರೇಲ್ ಕಡತವೂ ಅಳಿಯುತ್ತದೆ. ಜೋಡಿಸಿದ ಫೋಲ್ಡರ್‌ನೊಳಗೇ ಶೋಧ ನಡೆಸಿದರೆ ಈ ನಷ್ಟವಿಲ್ಲ. ಆ ಫೋಲ್ಡರ್‌ನಲ್ಲಿ ಹುಟ್ಟುವ ಕಡತಗಳು ರೂಟ್ ಬಳಕೆದಾರನ ಒಡೆತನಕ್ಕೆ ಹೋಗದಂತೆ, ಓಡಿಸುವಾಗಲೇ ಬಳಕೆದಾರರ ಗುರುತುಸಂಖ್ಯೆಯನ್ನು ಸೂಚಿಸಬೇಕು. ಶೋಧಕ್ಕೆ ಜಾಲಸಂಪರ್ಕದ ಅಗತ್ಯವಿಲ್ಲವಾದ್ದರಿಂದ ಅದನ್ನು ಕಡಿದುಹಾಕಿ ಓಡಿಸಿದರೆ, ಹೊರಗಿನ ಯಾವುದನ್ನೂ ಅವಲಂಬಿಸದೆ ಫಲಿತಾಂಶ ಬಂದಿದೆ ಎಂಬ ಖಾತರಿಯೂ ದೊರೆಯುತ್ತದೆ.

19ನೇ ಗೇಟು ಕಲಿಸುವ ಪಾಠ

ಮೇಲಿನ ಮಾದರಿಯಲ್ಲಿ ಗೇಟಿಗೆ ‘ಹತೋಟಿ ತಪ್ಪಿದ’ ಎಂಬ ನಾಲ್ಕನೆಯ ಸ್ಥಿತಿಯನ್ನು ಕೊಡದೆ, ಆಜ್ಞೆ ಕೊಟ್ಟೊಡನೆ ಗೇಟು ಪಾಲಿಸಿಯೇ ಪಾಲಿಸುತ್ತದೆ ಎಂದು ಊಹಿಸಿದ್ದರೆ, ಎಲ್ಲ ನಿಯಮಗಳೂ ಸಾಬೀತಾಗುತ್ತಿದ್ದವು, ಇಮೇಜ್ ಎಲ್ಲ ಊರುಗಳಲ್ಲೂ ಅದೇ ಸೊನ್ನೆಯನ್ನು ತೋರಿಸುತ್ತಿತ್ತು, ಆದರೂ ಆ ಪುರಾವೆ 2024ರ ಆಗಸ್ಟ್ 10ರ ರಾತ್ರಿಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಯಾವ ಗೇಟಿನ ಚೈನ್ ಬೇಕಾದರೂ ಯಾವ ಕ್ಷಣದಲ್ಲಾದರೂ ತುಂಡಾಗಬಹುದು ಎಂಬ ಒಂದು ಸಾಲನ್ನು ಸೇರಿಸಿದೊಡನೆ ಪ್ರಶ್ನೆ ಬದಲಾಗುತ್ತದೆ: ಒಂದು ಗೇಟು ಕೈಬಿಟ್ಟಾಗ ಉಳಿದವನ್ನು ಎಚ್ಚರಿಕೆ ನೀಡದೆ ತೆರೆಯುವ ಸಂದರ್ಭ ಬರುತ್ತದೆಯೇ, ಮಟ್ಟವು ದುರಸ್ತಿ ಸಾಧ್ಯವಾಗುವ ಹಂತಕ್ಕೆ ಇಳಿದೇ ಇಳಿಯುತ್ತದೆಯೇ, ಎರಡು ಗೇಟುಗಳು ಕೈಬಿಟ್ಟರೆ ಏನಾಗುತ್ತದೆ ಎಂಬವು ಆಗ ಪರಿಶೀಲನೆಗೆ ಒಳಪಡುತ್ತವೆ. ಚೈನಿನ ಸವೆತವನ್ನು ಸ್ಪಿನ್ ಕಂಡುಹಿಡಿಯಲಾರದು, ಅದು ಕಬ್ಬಿಣವನ್ನು ಮುಟ್ಟಿ ನೋಡುವವರ ಕೆಲಸ. ಚೈನ್ ತುಂಡಾದ ಮೇಲೆ ನಿಯಂತ್ರಣಕ್ರಮ ದಿಕ್ಕುತಪ್ಪದೆ ಇರುತ್ತದೆಯೇ ಎಂಬುದನ್ನು ಮಾತ್ರ ಅದು ಹೇಳಬಲ್ಲದು.

ಆದ್ದರಿಂದ ಈ ಅಭ್ಯಾಸವನ್ನು ಕೈಗೊಳ್ಳುವ ವಿದ್ಯಾರ್ಥಿಗಳೂ ಅಧ್ಯಾಪಕರೂ ಮಾದರಿಯ ಕಡತ, ಡಾಕರ್‌ಫೈಲ್, ಇಮೇಜಿನ ಡೈಜೆಸ್ಟ್, ಓಡಿಸಿದ ಆಜ್ಞೆಗಳು ಮತ್ತು ಪೂರ್ಣ ವರದಿ ಎಂಬ ಐದನ್ನು ಒಂದೇ ಕಡೆ ಇಡುವುದರ ಜತೆಗೆ, ಆರನೆಯದಾಗಿ ಮಾದರಿಯ ಊಹೆಗಳ ಪಟ್ಟಿಯನ್ನು ಸರಳ ಕನ್ನಡದಲ್ಲಿ ಬರೆದಿಡಬೇಕು. ಅದನ್ನು ಪ್ರೊಮೆಲಾ ತಿಳಿಯದ, ಆದರೆ ಗೇಟುಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಓದಲು ಕೊಟ್ಟು, ಯಾವ ಊಹೆ ಸುಳ್ಳೆಂದು ಅವರು ಹೇಳುತ್ತಾರೋ ಅದನ್ನು ತಿದ್ದಿದ ಮೇಲೆಯೇ ಕಂಟೇನರನ್ನು ಕೊನೆಯ ಬಾರಿ ಓಡಿಸಬೇಕು.